ಕೂಡುರಸ್ತೆಯ ಚರಟ

ವಾರಗಿತ್ತಿ ಛುನ್ನಿ ಕಷಾಯದ ಬಟ್ಟಲು ಹಿಡಿದು ಅಂಗಳ ದಾಟುವುದು ಕಿಟಕಿಯಿಂದ ಕಂಡರೆ ಸಾಕು, ಜೂಯಿಂಗಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗುತ್ತಿತ್ತು. ಹಿಂದೆ ಎರಡು ಬಸಿರು ನಿಂತಿರಲಿಲ್ಲ. ಇದು ನಿಂತಿತ್ತು, ಆದರೆ ಗೋಧಿ ಬಿತ್ತನೆಯಲ್ಲಿ ಹಿಡಿದ ಕೆಮ್ಮು ಬಿಟ್ಟಿರಲಿಲ್ಲ. ಕೆಮ್ಮಿದಾಗಲೆಲ್ಲ ಕಿಬ್ಬೊಟ್ಟೆಯನ್ನು ಯಾರೋ ಒಳಗಿನಿಂದ ಜಗ್ಗಿದಂತಾಗುತ್ತಿತ್ತು. "ಈ ಕೆಮ್ಮು ನಿಲ್ಲದಿದ್ರೆ ಕೂಸು ನಿಲ್ಲೋದು ಕಷ್ಟ ಕಣಮ್ಮ" ಎಂದು ವೈದ್ಯ ಹೌ ಮುದುಕ ಮುಖದ ಮೇಲೆ ಹೊಡೆದಂತೆ ಹೇಳಿ, ಕಹಿ ಜರ್ದಾಳು ಹಣ್ಣಿನ ಬೀಜದ ಕಷಾಯ ಗೊತ್ತು ಮಾಡಿದ್ದ.

ಆ ಬೆಟ್ಟದೂರಿನಲ್ಲಿ ಜರ್ದಾಳು ಬೀಜಕ್ಕೇನು ಬರ? ಅಲ್ಲಿ ಮಾತು ಬರುವ ಮೊದಲೇ ಮಕ್ಕಳಿಗೆ ಓಟೆ ಒಡೆಯುವುದು ಬರುತ್ತದೆ. ಆದರೆ ಕಹಿ ಬೀಜದ ಮದ್ದಿಗೆ ಕೈ ಹದವಾಗಿರಬೇಕು. ಬಿಸಿನೀರಲ್ಲಿ ನೆನೆಸಬೇಕು, ಸಿಪ್ಪೆ ಸುಲಿಯಬೇಕು, ಮೊನೆ ಚಿವುಟಬೇಕು, ಜಜ್ಜಿ ಕುದಿಸಬೇಕು. ಕಡಿಮೆಯಾದರೆ ಕೆಮ್ಮು ಕೇಳುವುದಿಲ್ಲ, ಹೆಚ್ಚಾದರೆ ಅದೇ ವಿಷ. ಒಲೆಯ ಹೊಗೆ ಜೂಯಿಂಗಳಿಗೆ ಆಗದು ಎಂದು ಒಂದೇ ಅಂಗಳದ ಎದುರು ಕೋಣೆಯಲ್ಲಿದ್ದ ಛುನ್ನಿಯೇ ಕಾಯಿಸಿಕೊಡುತ್ತಿದ್ದಳು. ಛುನ್ನಿ ಹಿರಿಯ ಸೊಸೆ. ಮದುವೆಯಾಗಿ ವರ್ಷಗಳು ಉರುಳಿದ್ದರೂ ಮಡಿಲು ಬರಿದು.

"ಹೆರದವಳ ಕೈಯಿಂದ ಬಸುರಿ ಮದ್ದು ಕುಡಿಯೋದಾ? ನಂಗ್ಯಾಕಪ್ಪ, ಹೇಳಿದೆ ಅಷ್ಟೆ" ಎಂದು ಪಕ್ಕದ ಮನೆಯ ಚ್ಯಾವ್ ಮುದುಕಿ ಕಿವಿ ಊದಿ ಹೋದಳು. ಊದುವವರಿಗೇನು ಗಂಟು ಹೋಗುತ್ತದೆ? ಅಂದಿನಿಂದ ಜೂಯಿಂಗಳಿಗೆ ಛುನ್ನಿಯ ನಗುವಿನಲ್ಲೂ ಹುಳುಕು ಕಂಡಿತು. ಬೀಜ ಸುಲಿಯುವಾಗ ಬೆನ್ನು ಮಾಡಿ ಯಾಕೆ ಕೂತಳು? ಇವತ್ತು ಕಷಾಯ ಯಾಕೆ ಕಪ್ಪಗಿದೆ? ಗಂಡ ಲೂಶೆಂಗನಿಗೆ ಹೇಳಿದರೆ ಅವನು ಜೋಳದ ರೊಟ್ಟಿ ಅಗಿಯುತ್ತ, "ಅತ್ತಿಗೆಗೆ ಬೇರೆ ಕೆಲಸ ಇಲ್ವಾ? ಸುಮ್ನೆ ಕುಡಿ" ಎಂದುಬಿಟ್ಟ.

ಕುದಿಸಿ ಬಸಿದ ಮದ್ದಿನ ಚರಟವನ್ನು ಅಲ್ಲಿ ಕೂಡುರಸ್ತೆಯಲ್ಲಿ ಸುರಿಯುತ್ತಾರೆ. ದಾರಿಹೋಕರು ತುಳಿದರೆ ರೋಗ ಅವರ ಕಾಲಿಗಂಟಿಕೊಂಡು ಮನೆ ಬಿಟ್ಟು ಹೋಗುತ್ತದೆಂಬ ನಂಬಿಕೆ. ಒಂದು ಬೆಳಿಗ್ಗೆ ಜೂಯಿಂಗ್ ಅಲ್ಲಿಗೆ ಹೋಗಿ ಕಡ್ಡಿಯಿಂದ ಚರಟ ಕೆದಕಿದಳು. ಜಜ್ಜುವಾಗ ತಪ್ಪಿಸಿಕೊಂಡ ಇಡೀ ಬೀಜವೊಂದು ಸಿಕ್ಕಿತು. ಸುಲಿದ ಬೀಜಗಳೆಲ್ಲ ಪೇಟೆಯವರ ಕಣ್ಣಿಗೆ ಒಂದೇ. ಜರ್ದಾಳು ಬೀಜ ಗಿಡ್ಡ, ಗುಂಡು. ಇದು ಉದ್ದ, ಚಪ್ಪಟೆ. ಪೀಚ್ ಹಣ್ಣಿನ ಬೀಜ. ಕಟ್ಟಿದ ರಕ್ತ ಕರಗಿಸಿ ನಿಂತ ಮುಟ್ಟನ್ನು ಹರಿಸುವ ಬೀಜ. ಬಸುರಿ ಅದನ್ನು ಮೂಸಲೂ ಬಾರದು. ಜೂಯಿಂಗ್ ಅದನ್ನು ಮುಷ್ಟಿಯಲ್ಲಿಟ್ಟುಕೊಂಡು ಮನೆಗೆ ಬಂದಳು.

ಆಮೇಲೆ ಬಂದ ಕಷಾಯವೆಲ್ಲ ಗುಟ್ಟಾಗಿ ಬೂದಿಗುಂಡಿಗೆ ಹೋಯಿತು. ಕೆಮ್ಮು ಹೆಚ್ಚಿತು. "ಮದ್ದು ಹತ್ತುತ್ತಾ ಇಲ್ವಲ್ಲೇ" ಎಂದು ಛುನ್ನಿ ಅಂದದ್ದೂ ಜೂಯಿಂಗಳಿಗೆ ನಾಟಕವೆನಿಸಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಕೊನೆಗೆ ಛುನ್ನಿ ಚರಟ ಸುರಿಯಲು ಬಂದ ಹೊತ್ತಿಗೇ ಕೂಡುರಸ್ತೆಯಲ್ಲಿ ಅವಳನ್ನು ತಡೆದಳು. ಪಕ್ಕದ ಬೀಸುಕಲ್ಲಿನ ಬಳಿ ನವಣೆ ಬೀಸುತ್ತ ಹೆಂಗಸರು ಸೇರಿದ್ದರು.

"ಅಕ್ಕ, ಇದೇನು?" ಎಂದು ಅಂದು ಸಿಕ್ಕ ಬೀಜವನ್ನು ಮುಂದೆ ಹಿಡಿದಳು.

"ಬೀಜ."

"ಯಾವ ಬೀಜ? ನಾನೇನು ಪೇಟೆಯವಳಾ, ಗೊತ್ತಾಗದೆ ಇರೋಕೆ?"

ಛುನ್ನಿ ಹೆಂಗಸರ ಕಡೆ ನೋಡಿದಳು. "ಮನೆಗೆ ನಡಿ, ಹೇಳ್ತೀನಿ."

"ಇಲ್ಲೇ ಹೇಳು. ಪೀಚ್ ಬೀಜ ಯಾಕೆ ಕುಡಿಸ್ತಿದ್ದೀಯ? ನಿನ್ನ ಮಡಿಲು ತುಂಬ್ಲಿಲ್ಲ ಅಂತ ನಂದೂ ಬರಿದಾಗ್ಬೇಕಾ?"

ಬೀಸುಕಲ್ಲು ನಿಂತಿತು. ಛುನ್ನಿಯ ಮುಖ, ಕತ್ತು ಕೆಂಪೇರಿದವು.

"ಅದು ನಿಂದಲ್ಲ, ನಂದು" ಎಂದಳು. "ಮುಟ್ಟು ನಿಂತು ಎಷ್ಟೋ ತಿಂಗಳಾಯ್ತು. ಬಸುರಲ್ಲ ಅಂತ ಹೌ ವೈದ್ಯರು ನಾಡಿ ನೋಡಿ ಹೇಳಿದ್ರು. ರಕ್ತ ಕಟ್ಟಿದೆ, ಕರಗಿದ್ರೆ ನಿಂಗೂ ಒಂದು ಆಗಬಹುದು ಅಂದ್ರು. ನಂದನ್ನ ಬೇರೆ ಕಡೆ ಸುರಿದಿದ್ರೆ ಯಾರ ಮದ್ದು, ಯಾಕೆ ಅಂತ ಊರು ಕೇಳ್ತಿತ್ತು. ನಿನ್ನ ಚರಟದೊಳಗೆ ಮುಚ್ಚಿಟ್ಟೆ. ಗಂಡನಿಗೂ ಹೇಳಿರ್ಲಿಲ್ಲ ಕಣೆ. ಈಗ ಊರಿಗೇ ಗೊತ್ತಾಯ್ತು, ಸಮಾಧಾನ ಆಯ್ತಾ?"

ಜೂಯಿಂಗ್ ಅದನ್ನೂ ನಂಬದೆ ನೇರವಾಗಿ ವೈದ್ಯನ ಮನೆಗೆ ಹೋದಳು. ಹೌ ಮುದುಕ ತಲೆಯೆತ್ತದೆ, "ನಿಂದು ಬೇರೆ, ಅವಳದು ಬೇರೆ. ಎರಡು ಪೊಟ್ಟಣ, ಎರಡು ಮಡಕೆ. ಪೊಟ್ಟಣ ಕಟ್ಟಿದವನು ನಾನೇ" ಎಂದ. "ನಿನ್ನ ಕೆಮ್ಮಿಗೆ ಮದ್ದು ಕೊಡಬಲ್ಲೆ. ನಿನ್ನ ಸಂಶಯಕ್ಕೆ ನನ್ನ ಹತ್ರ ಏನೂ ಇಲ್ಲ."

ಮರಳಿ ಬಂದಾಗ ಹೊಸ್ತಿಲ ಮೇಲೆ ಅವಳ ಬೀಜದ ಪೊಟ್ಟಣವೂ ಮಡಕೆಯೂ ಇದ್ದವು. ಎದುರು ಕೋಣೆಯ ಬಾಗಿಲು ಮುಚ್ಚಿತ್ತು. ಜೂಯಿಂಗ್ ಬೀಜಗಳನ್ನು ಅಂಗೈಗೆ ಸುರಿದುಕೊಂಡು ಕೂತಳು. ಎಷ್ಟು ಹಾಕಬೇಕು? ಎಷ್ಟು ಹೊತ್ತು ಕುದಿಸಬೇಕು? ಈಗ ಅವಳಿಗೆ ತನ್ನ ಕೈಯ ಮೇಲೇ ನಂಬಿಕೆಯಿಲ್ಲ. ಅಷ್ಟರಲ್ಲಿ ಕೆಮ್ಮು ಬಂತು. ಬಂದದ್ದು ನಿಲ್ಲಲಿಲ್ಲ. ಕಿಬ್ಬೊಟ್ಟೆ ಕಲ್ಲಾಯಿತು, ಬೀಜಗಳು ನೆಲಕ್ಕೆ ಚೆಲ್ಲಿದವು. "ಅಕ್ಕ" ಎಂದು ಕೂಗಿದಳು.

ಬಾಗಿಲು ತೆರೆಯಿತು. ಛುನ್ನಿ ಬೀಜ ಆಯ್ದುಕೊಂಡು ಮಡಕೆ ಎತ್ತಿಕೊಂಡು ಹೋದಳು. ಕಾಯಿಸಿ ತಂದಾಗ ಜೂಯಿಂಗ್ ಬಟ್ಟಲಿಗೆ ಕೈ ಚಾಚಿದಳು.

"ಇರು" ಎಂದು ಛುನ್ನಿ ಮೊದಲು ತಾನೊಂದು ಗುಟುಕು ಕುಡಿದು ಬಾಯೊರೆಸಿಕೊಂಡಳು. "ನೋಡಿದ್ಯಲ್ಲ. ಈಗ ಕುಡಿ."

ಮರುದಿನವೂ ಹಾಗೆಯೇ ಕುಡಿದು ತೋರಿಸಿದಳು, ಅದರ ಮರುದಿನವೂ. ಕೆಮ್ಮು ಇಳಿಯುತ್ತ ಬಂತು, ಕೂಸು ಒಳಗೆ ಒದೆಯತೊಡಗಿತು. "ಬೇಡಕ್ಕ, ನೀನು ಕುಡಿದು ತೋರಿಸ್ಬೇಡ" ಎಂಬ ಮಾತು ದಿನವೂ ಜೂಯಿಂಗಳ ನಾಲಿಗೆಯ ತುದಿಗೆ ಬರುತ್ತಿತ್ತು. ನಾಚಿಕೆಯಿಂದ ಮುಖ ಸುಡುತ್ತಿತ್ತು. ಆದರೂ ಛುನ್ನಿಯ ಗಂಟಲಲ್ಲಿ ಆ ಗುಟುಕು ಇಳಿಯುವುದನ್ನು ಕಣ್ಣಾರೆ ಕಂಡ ಮೇಲೆಯೇ ಅವಳು ಬಟ್ಟಲಿಗೆ ಕೈ ಚಾಚುತ್ತಿದ್ದಳು.