ಪೋರ್ಚುಗಲ್ಲಿನಲ್ಲಿ ಕೂತ ಮಗ

ಮಗನ ಸುದ್ದಿ ತೆಗೆಯಲು ದೂಜಣ್ಣನಿಗೆ ನೆಪವೇ ಬೇಕಿರಲಿಲ್ಲ. ಗಿರಾಕಿ ಕಾಫಿ ಕೇಳಿದರೂ ಸಾಕು, ಬಿಲ್ ಕೇಳಿದರೂ ಸಾಕು. ಸುಕೇಶ ಪೋರ್ಚುಗಲ್ಲಿನ ಎರಡನೇ ದರ್ಜೆಯ ಲೀಗಿನಲ್ಲಿ ಫುಟ್‌ಬಾಲ್ ಆಡುತ್ತಾನೆಂಬುದು ಮುಂಬಯಿಯ ಗ್ರಾಂಟ್ ರೋಡಿನ ಅವನ ಉಡುಪಿ ಹೋಟೆಲಿಗೆ ಬರುವವರಿಗೆಲ್ಲ ಬಾಯಿಪಾಠವಾಗಿತ್ತು. ಈಗಂತೂ ಜೂನ್ ರಜೆಗೆ ಬಂದ ಮಗ ಗಲ್ಲಾದ ಪಕ್ಕದಲ್ಲೇ ನಿಂತಿದ್ದಾನೆ. ಕೇಳಬೇಕೆ?

"ಮೊದಲನೇ ವರ್ಷ ಓಡಿಸಿ ಓಡಿಸಿ ಸುಸ್ತು ಮಾಡಿದ್ರು ಮಾರಾಯ್ರೆ," ಎಂದು ದೂಜಣ್ಣ ಖಾಯಂ ಗಿರಾಕಿ ಗುರಲಿಂಗಪ್ಪನಿಗೆ ಹೇಳುತ್ತಿದ್ದ. "ಈ ವರ್ಷ ನೋಡಿ, ಕೂರಿಸಿದ್ದಾರೆ! ಕೋಚ್‌ನ ಹತ್ತಿರವೇ ಸೀಟು. ಒಳ್ಳೆ ಜಾಕೆಟ್ ಬೇರೆ. ಉಳಿದವರು ಓಡುವುದು, ಇವ ಕೂತು ನೋಡುವುದು."

ಸುಕೇಶನಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಹಾಗೆಂದು ಅಪ್ಪನನ್ನು ದೂರುವಂತೆಯೂ ಇರಲಿಲ್ಲ. ಹೋಟೆಲಿನಲ್ಲಿ ಓಡಾಡುವವರೆಲ್ಲ ಕೆಲಸದವರು, ಕೂರುವವನು ಧಣಿ. ತಟ್ಟೆ ತೊಳೆದು, ಟೇಬಲ್ ಒರೆಸಿ, ಸಪ್ಲಾಯರ್ ಆಗಿ, ಇಡೀ ಯೌವನವನ್ನು ಕಾಲ ಮೇಲೆ ಕಳೆದ ದೂಜಣ್ಣ ಸುಕೇಶ ಹುಟ್ಟುವ ಹೊತ್ತಿಗಷ್ಟೇ ಗಲ್ಲಾದ ಸ್ಟೂಲು ಹತ್ತಿದ್ದ. ಮೊಬೈಲಿನಲ್ಲಿ ಮ್ಯಾಚ್ ನೋಡುವಾಗ ಬೆಂಚಿನ ಮೇಲೆ ಮಗನ ಮುಖ ಕಂಡರೆ, ಮನೆಯಲ್ಲಿದ್ದ ಹೆಂಡತಿ ವಾರಿಜಾಳಿಗೂ ಫೋನ್ ಮಾಡಿ ಸಂಭ್ರಮಿಸುತ್ತಿದ್ದ. ಅದು ಆಟಕ್ಕೆ ಬೇಡವಾದವರ ಬೆಂಚು ಎಂದು ಹೇಳುವ ಧೈರ್ಯ ಸುಕೇಶನಿಗೆ ಬಂದಿರಲಿಲ್ಲ.

ಈಗ ಹೇಳದೆ ಗತಿಯಿರಲಿಲ್ಲ. ಇದ್ದ ಕ್ಲಬ್ಬು ಇನ್ನೊಂದು ವರ್ಷ ಇಟ್ಟುಕೊಳ್ಳಲು ಒಪ್ಪಿತ್ತು, ಬೆಂಚಿಗೇ. ಮೀನುಗಾರರ ಸಣ್ಣ ಊರೊಂದರ ಮೂರನೇ ದರ್ಜೆಯ ತಂಡ ಮಾತ್ರ, ಬಂದರೆ ಪ್ರತಿ ಮ್ಯಾಚಿಗೂ ಇಳಿಸುತ್ತೇವೆ ಎಂದಿತ್ತು. ಏಜೆಂಟನಿಗೆ ಇವತ್ತೇ ಉತ್ತರ ಬೇಕು. ಸುಕೇಶನ ಮನಸ್ಸು ಆಗಲೇ ಆ ಸಣ್ಣ ಊರಿಗೆ ಹೋಗಿ ಕೂತಿತ್ತು. ಆದರೆ ಇಡೀ ಗ್ರಾಂಟ್ ರೋಡಿಗೆ ಡಂಗುರ ಸಾರಿದ ಅಪ್ಪ ನಾಳೆ ಜನರಿಗೆ ಹೇಗೆ ಮುಖ ತೋರಿಸಬೇಕು?

ಗುರಲಿಂಗಪ್ಪ ಇಡ್ಲಿ ಮುರಿಯುತ್ತಾ ಕೇಳಿಯೇಬಿಟ್ಟ. "ಅಲ್ರೀ ದೂಜಣ್ಣಾ, ಹಿಂಗ ಕುಂತಾಂವ ಗೋಲ್ ಯಾವಾಗ ಹೊಡೀತಾನ್ರೀ?"

"ಗೋಲ್ ಹೊಡಿಲಿಕ್ಕೆ ಬೇರೆ ಜನ ಉಂಟಲ್ಲ!" ದೂಜಣ್ಣ ನಕ್ಕ.

ಸುಕೇಶನಿಗೆ ಇನ್ನು ತಡೆಯಲಾಗಲಿಲ್ಲ. "ಅಪ್ಪ, ಹಾಗಲ್ಲ. ಅಲ್ಲಿ ಕೂತವ ಎಕ್ಸ್‌ಟ್ರಾ. ಯಾರಿಗಾದ್ರೂ ಪೆಟ್ಟಾದ್ರೆ ಕರೀತಾರೆ. ನನ್ನನ್ನು ಪೂರಾ ಸೀಸನ್ ಕರೀಲೇ ಇಲ್ಲ. ಸಣ್ಣ ಟೀಮ್ ಒಂದು ಬಾ ಅಂತಾ ಉಂಟು. ನಂಗೆ ಆಡ್ಬೇಕು, ಬಸ್."

ದೂಜಣ್ಣನ ಕೈ ಚಿಲ್ಲರೆಯ ಮೇಲೆಯೇ ನಿಂತಿತು. ಗುರಲಿಂಗಪ್ಪ ಸಾಂಬಾರಿನ ಬಟ್ಟಲಿನಲ್ಲಿ ಮುಖ ಹುದುಗಿಸಿದ.

"ಪೂರಾ ವರ್ಷ ಸುಮ್ನೆ ಕೂತಿದ್ದಿಯಾ?"

"ಹೂಂ."

"ತುಂಬಾ ಕಷ್ಟ ಆಯ್ತಾ ಮಗ?"

ಕೋಚ್ ಆಗಲಿ ಏಜೆಂಟ್ ಆಗಲಿ ಈ ಮಾತು ಕೇಳಿರಲಿಲ್ಲ. ಸುಕೇಶ ಹೌದೆಂದು ತಲೆಯಾಡಿಸಿದ.

"ಈ ಸ್ಟೂಲು ಹತ್ತಿದ ಮೇಲೆ ನಂಗೂ ಒಂದು ದಿನ ಸರಿ ಹಸಿವಾದದ್ದಿಲ್ಲ," ದೂಜಣ್ಣ ದನಿ ತಗ್ಗಿಸಿದ. "ಸಪ್ಲಾಯರ್ ಇದ್ದಾಗ ಎಂಥ ಗಮ್ಮತ್ತು! ಕೈ ತುಂಬಾ ಪ್ಲೇಟು, ಟೇಬಲ್ ಟೇಬಲ್‌ಗೆ ಮಾತು. ಈಗ ಧಣಿ ಅಂತಾರೆ, ಅಷ್ಟೇ. ಯಾರತ್ರ ಹೇಳುವುದು? ಜನ ನಗುವುದಿಲ್ವಾ?"

ಒಳಗಿನಿಂದ ಮಸಾಲೆ ದೋಸೆ ಆಯಿತೆಂಬ ಕೂಗು ಬಂತು. ದೂಜಣ್ಣ ಸ್ಟೂಲಿನಿಂದ ಇಳಿದ. "ಫೋನ್ ಮಾಡು. ಬರ್ತೇನೆ ಅಂತ ಹೇಳು," ಎಂದವನೇ ತೋಳುದ್ದಕ್ಕೂ ತಟ್ಟೆ ಜೋಡಿಸಿಕೊಂಡು ಟೇಬಲುಗಳ ನಡುವೆ ಹೊರಟ. ಸಪ್ಲಾಯರ್ ಬಂಡೆಪ್ಪ ಹೌಹಾರಿ ಹಿಂದೆ ಬಂದ.

"ಧಣೀ, ನಾ ಕೊಡ್ತೀನ್ರೀ!"

"ನೀನು ಗಲ್ಲಾದಲ್ಲಿ ಕೂತ್ಕೊ ಸ್ವಲ್ಪ. ಗೊತ್ತಾಗ್ತದೆ!"

ಏಜೆಂಟ್ ಫೋನಿನಲ್ಲಿ ಹಲೋ ಹಲೋ ಎನ್ನುತ್ತಲೇ ಇದ್ದ. ಸುಕೇಶನ ಕಣ್ಣು ಟೇಬಲುಗಳ ನಡುವೆಯೇ ಇತ್ತು. ಅಪ್ಪ ಓಡುವುದನ್ನು ಅವನು ಹುಟ್ಟಿದಾಗಿನಿಂದ ಮೊದಲ ಸಲ ನೋಡುತ್ತಿದ್ದ.