ಫ್ಯಾನು ನಿಂತ ದೃಶ್ಯ

ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಸದ್ದಪ್ಪ ಎಂದೇ ಕರೆಯುತ್ತಿದ್ದರು. ದೆವ್ವದ ಸಿನಿಮಾಗಳಿಗೆ ಸದ್ದು ಕೂಡಿಸುವುದು ಅವನ ಕೆಲಸ. ಮೂಲಂಗಿ ಲಟಕ್ಕನೆ ಮುರಿದು ಮೂಳೆ ಮುರಿಸುವನು, ಒದ್ದೆ ಬಟ್ಟೆ ನೆಲಕ್ಕೆ ಬಡಿದು ಹೆಣ ಬೀಳಿಸುವನು. ಹದಿಹರೆಯದ ಮಕ್ಕಳು ದುಡ್ಡು ಕೊಟ್ಟು ಬಂದು ಕಿರುಚಿಕೊಂಡು ಹೋಗುತ್ತಿದ್ದರು. ಅವನ ಹದಿನೈದರ ಮಗಳು ಮಾತ್ರ ಅಪ್ಪನ ಹತ್ತಿರ ಸುಳಿಯುವುದನ್ನೇ ಬಿಟ್ಟಿದ್ದಳು.

ಚಿಕ್ಕವಳಿದ್ದಾಗ ಅಪ್ಪನ ಬಾಲವೇ ಆಗಿದ್ದಳು. ಕರೆಂಟು ಹೋಗಿ ಫ್ಯಾನು ನಿಂತರೆ ಸಾಕು, ಅಪ್ಪಾ ಎಂದು ಕೂಗುವಳು. ಇವನು ಎದ್ದು ಬಿದ್ದು ಓಡುವನು. ಅವನ ತೋಳು ಗಟ್ಟಿಯಾಗಿ ಹಿಡಿದುಕೊಂಡೇ ನಿದ್ದೆ ಹೋಗುವಳು. ಈಗ ಊಟಕ್ಕೆ ಕೂತರೂ ಕಿವಿಯಲ್ಲಿ ಇಯರ್‌ಫೋನು. ಬೆಳೆದ ಹುಡುಗಿ, ಹಾಗೇ ಇರುತ್ತಾಳೆ, ಬಿಟ್ಟುಬಿಡಿ ಎಂದು ಹೆಂಡತಿ ಸಮಾಧಾನ ಹೇಳಿದ್ದಳು. ಬಿಟ್ಟುಬಿಡುವುದಕ್ಕೆ ಅದೇನು ಸಿಗರೇಟಿನ ಚಟವೇ? ಆ ಪುಟ್ಟ ಕೈಯ ಹಿಡಿತಕ್ಕಾಗಿ ಅವನ ಜೀವ ಹಂಬಲಿಸುತ್ತಿತ್ತು.

ಹೊಸ ಸಿನಿಮಾದಲ್ಲಿ ಹುಡುಗಿಯೊಬ್ಬಳು ಹಾಸ್ಟೆಲಿನ ಕೋಣೆಯಲ್ಲಿ ಒಬ್ಬಳೇ ಕೂತಿರುವ ದೃಶ್ಯವಿತ್ತು. ಅಲ್ಲಿ ಢಮಾರ್ ಎನ್ನಿಸಬೇಕೆಂದು ನಿರ್ದೇಶಕನ ಹಟ. ಸದ್ದಪ್ಪ ಪಟ್ಟು ಬಿಡಲಿಲ್ಲ. ಢಮಾರ್ ಎಂದರೆ ಮೈ ಬೆಚ್ಚುತ್ತದೆ ಅಷ್ಟೇ, ಕೇಳುತ್ತಿದ್ದ ಸದ್ದು ನಿಂತರೆ ಜೀವವೇ ಹೆದರುತ್ತದೆ ಎಂದು ವಾದಿಸಿದ. ಕ್ಯಾಮೆರಾ ಅವಳ ಬೆನ್ನ ಹಿಂದಿನ ಖಾಲಿ ಕತ್ತಲನ್ನೇ ನೋಡುತ್ತಿರಲಿ, ಅಲ್ಲಿಂದ ಏನೂ ಬರುವುದು ಬೇಡ ಎಂದ. ಮಗಳ ಕೋಣೆಯ ಹಳೇ ಫ್ಯಾನಿನ ಕಿರುಗುಟ್ಟುವ ಸದ್ದನ್ನೇ ಹಿಡಿದು ತಂದು ಹಾಕಿ, ನಿಧಾನವಾಗಿಸಿ, ನಿಲ್ಲಿಸಿದ. ಆಮೇಲೆ ಬರೀ ಮೌನ. ಲೋಕಕ್ಕೆಲ್ಲ ಅದು ಸಿನಿಮಾ, ಅವನಿಗೆ ಮಗಳಿಗಾಗಿ ಹಾಕಿದ ಗಾಳ.

ಬಿಡುಗಡೆಗೆ ಮುಂಚೆ ಹೈಸ್ಕೂಲು ಮಕ್ಕಳಿಗೆಂದೇ ಒಂದು ಆಟ ಇಟ್ಟರು. ಗೆಳತಿಯ ಜೊತೆ ಬರಲು ಮಗಳು ಹೂಂ ಎಂದಳು. ಅವನು ಅವಳ ಪಕ್ಕ ಕೂತು, ಕುರ್ಚಿಯ ಕೈ ಮೇಲೆ ತೋಳಿಟ್ಟುಕೊಂಡು ಕಾದ. ತಾನೇ ಸದ್ದು ಕೂಡಿಸಿದ ಸಿನಿಮಾ, ಆದರೂ ಆ ದೃಶ್ಯಕ್ಕೆ ನಿಮಿಷ ಎಣಿಸುತ್ತಿದ್ದ.

ಫ್ಯಾನು ನಿಧಾನವಾಯಿತು. ನಿಂತಿತು. ಮುಂದಿನ ಸಾಲಿನ ಹುಡುಗರು ಒಬ್ಬರಿಗೊಬ್ಬರು ಅಂಟಿಕೊಂಡರು, ಗೆಳತಿ ಮುಖ ಮುಚ್ಚಿಕೊಂಡು ಚೀರಿದಳು. ಮಗಳು ಅಲ್ಲಾಡಲಿಲ್ಲ. ಪರದೆಯ ಬೆಳಕಿನಲ್ಲಿ ನೋಡಿದರೆ ತನ್ನಷ್ಟಕ್ಕೆ ನಗುತ್ತಿದ್ದಾಳೆ! ಅವನು ತೋಳನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ.

ಆಟ ಮುಗಿದು, ಗೆಳತಿ ನೀರು ಕುಡಿಯಲು ಹೋದಾಗ, ನಿನಗೆ ಹೆದರಿಕೆಯೇ ಆಗಲಿಲ್ಲವಾ ಎಂದು ಕೇಳಿದ.

"ಅದು ನನ್ನ ರೂಮಿನ ಫ್ಯಾನಲ್ವಾ ಅಪ್ಪ? ಅದು ನಿಂತ್ರೆ ನಂಗ್ಯಾಕೆ ಹೆದರಿಕೆ? ನಿಂತ ಕೂಡ್ಲೇ ನೀನು ಬರ್ತಿದ್ದೆ," ಎಂದಳು. ಆಮೇಲೆ ಚಪ್ಪಲಿಯ ತುದಿ ನೋಡುತ್ತ, "ಮೊನ್ನೆ ಕರೆಂಟ್ ಹೋದಾಗ್ಲೂ ಕಾಯ್ತಾ ಇದ್ದೆ. ನೀನು ಬರ್ಲೇ ಇಲ್ಲ."

ಬಂದಿದ್ದ. ಅವಳ ಬಾಗಿಲಿನ ಹೊರಗೆ ಬರಿಗಾಲಲ್ಲಿ ನಿಂತಿದ್ದ. ಸದ್ದಿನವನಲ್ಲವೇ, ಒಳಗಿಂದ ಅವಳು ಒಂದು ಸಲ ಕರೆಯಲಿ ಎಂದು ಕಿವಿಗೊಟ್ಟು, ಕರೆಂಟು ಬರುವವರೆಗೂ ಕಾದು, ವಾಪಸು ಹೋಗಿ ಮಲಗಿದ್ದ.