ಕರೆಂಟು ರೈಲಿನಲ್ಲಿ ಕೇದಾರನ ಅಳು

ಅಮೆರಿಕದ ಸನಿವೇಲ್‌ನ ಕೇದಾರನಷ್ಟು ಸಂಕೋಚದ ಮನುಷ್ಯ ಇನ್ನೊಬ್ಬ ಸಿಗುವುದು ಕಷ್ಟ. ಆಫೀಸಿನ ಮೀಟಿಂಗಿನಲ್ಲಿ ಕ್ಯಾಮೆರಾ ಆನ್ ಮಾಡು ಎಂದರೆ ಅವನ ಅಂಗೈ ಬೆವರುತ್ತಿತ್ತು. ಆದರೆ ಅದೇ ಕೇದಾರನ ಮುಖಕ್ಕೆ ಬಣ್ಣ ಹಚ್ಚಿ, ತಲೆಗೊಂದು ರಟ್ಟಿನ ಕಿರೀಟ ಇಟ್ಟು ಸ್ಟೇಜಿಗೆ ದೂಡಿದರೆ ಹುಟ್ಟೂರು ಗದಗಿನ ಗಂಟಲು ತೆರೆದುಕೊಂಡು ಹಿಂದಿನ ಸಾಲಿನವರೂ ಬೆಚ್ಚಿಬೀಳುತ್ತಿದ್ದರು. ಪ್ರತಿ ನವೆಂಬರಿನಲ್ಲಿ ಕನ್ನಡ ಸಂಘದವರು ಆಡುವ ನಾಟಕದಲ್ಲಿ ಅವನಿಗೊಂದು ಪಾತ್ರ ಖಾಯಂ.

ಆ ವರ್ಷ ನಾಟಕ ಬರೆದವನೂ ಆಡಿಸುವವನೂ ಮೈಸೂರಿನ ತಿರುಮಲೇಶ. ಕೇದಾರನಿಗೆ ರಾಜ್ಯ ಕಳೆದುಕೊಂಡ ರಾಜನ ಪಾತ್ರ. ರಾಣಿ ಅವನನ್ನು ಅರಮನೆಯಿಂದ ಹೊರಗೆ ಹಾಕುವ ದೃಶ್ಯವೊಂದಿತ್ತು. "ಅಲ್ಲಿ ನೀವು ಅತ್ರೆ ಇಡೀ ಹಾಲ್ ಅಳ್ಬೇಕು, ಕೇದಾರ್. ಸುಮ್ನೆ ಮೂಗೆಳೆದ್ರೆ ಸಾಲಲ್ಲ," ಎಂದು ತಿರುಮಲೇಶ ಹೇಳಿ, ಹಾರ್ಮೋನಿಯಂ ಜೊತೆ ಉಳಿದವರ ಮಾತನ್ನೆಲ್ಲ ರೆಕಾರ್ಡ್ ಮಾಡಿ ಕಳಿಸಿದ್ದ.

ಅಳುವುದಕ್ಕೆ ಜಾಗ ಬೇಕಲ್ಲ? ಅಪಾರ್ಟ್‌ಮೆಂಟಿನಲ್ಲಿ ಸ್ವಲ್ಪ ದನಿ ಎತ್ತಿದರೆ ಮೇಲಿನ ಮನೆಯವರು ನೆಲ ಕುಟ್ಟುತ್ತಿದ್ದರು. ಕಾರಿನಲ್ಲಿ ಅಳುತ್ತಾ ಫ್ರೀವೇ ಮೇಲೆ ಹೋಗುವುದು ಪ್ರಾಣಕ್ಕೇ ಅಪಾಯ. ಹಾಗಾಗಿ ಕೇದಾರ ಆರು ವರ್ಷದಿಂದ ಸ್ಯಾನ್ ಫ್ರಾನ್ಸಿಸ್ಕೋದ ಆಫೀಸಿಗೆ ಹೋಗುವ ರೈಲಿನಲ್ಲೇ ರಿಹರ್ಸಲ್ ಮಾಡಿಕೊಳ್ಳುತ್ತಿದ್ದ. ಹಳೆಯ ಡೀಸೆಲ್ ಗಾಡಿ. ಎಂಜಿನ್ನಿನ ಹಿಂದಿನ ಡಬ್ಬಿಯ ಮೂಲೆಯಲ್ಲಿ ಕೂತು ಎಷ್ಟು ಕೂಗಿದರೂ ಎದುರಿಗಿದ್ದವರಿಗೆ ಬಾಯಿ ಆಡುವುದಷ್ಟೇ ಕಾಣುತ್ತಿತ್ತು. ಫೋನಿನಲ್ಲಿ ಮಾತಾಡುತ್ತಿದ್ದಾನೆ ಎಂದುಕೊಂಡು ಸುಮ್ಮನಿರುತ್ತಿದ್ದರು.

ಆ ಸೆಪ್ಟೆಂಬರಿನಲ್ಲಿ ಡೀಸೆಲ್ ಗಾಡಿ ಹೋಗಿ ಕರೆಂಟಿನ ಗಾಡಿ ಬಂತು. ಕೆಂಪು ಬಿಳಿ ಬಣ್ಣ, ಎರಡು ಅಂತಸ್ತು, ದೊಡ್ಡ ಕಿಟಕಿ, ಮೆತ್ತನೆಯ ಸೀಟು. ಕೇದಾರ ಮೊದಲ ದಿನವೇ ತನ್ನ ಮೂಲೆ ಹುಡುಕಿಕೊಂಡ. ಹೊರಗಿನ ಸದ್ದನ್ನೆಲ್ಲ ನುಂಗುವ ಹೆಡ್‌ಫೋನನ್ನು ಕಿವಿಗೆ ಹಾಕಿ, ಹಾರ್ಮೋನಿಯಂ ಶುರುವಾದ ಕೂಡಲೇ ಕಣ್ಣು ಮುಚ್ಚಿದ. ಗಾಡಿ ಹೊರಟಿದ್ದೂ ಅವನಿಗೆ ತಿಳಿಯಲಿಲ್ಲ. ಆ ಗಾಡಿ ಸದ್ದೇ ಮಾಡುವುದಿಲ್ಲ ಎಂಬುದಂತೂ ತಿಳಿಯಲೇ ಇಲ್ಲ.

ಮೌಂಟನ್ ವ್ಯೂ ಸ್ಟೇಷನ್ ದಾಟುವ ಹೊತ್ತಿಗೆ, ಪುಟ ತಿರುಗಿಸಿದರೂ ಕೇಳುವಂಥ ಆ ಡಬ್ಬಿಯಲ್ಲಿ ಕೇದಾರ ಎದೆ ಬಿರಿಯುವಂತೆ ಅತ್ತ. "ರಾಣೀ! ನನ್ನನ್ನು ಹೊರಗೆ ದಬ್ಬಬೇಡ, ರಾಣೀ! ನಿನ್ನ ಬಾಗಿಲಲ್ಲಿ ನಾಯಿಯಂತೆ ಬಿದ್ದಿರುತ್ತೇನೆ!"

ಮೂವತ್ತು ಜನ ಲ್ಯಾಪ್‌ಟಾಪಿನಿಂದ ತಲೆ ಎತ್ತಿದರು, ಮತ್ತೆ ತಗ್ಗಿಸಿದರು. ಅಲ್ಲಿಯ ಜನ ಪಕ್ಕದವನ ಮನೆಯ ವಿಷಯಕ್ಕೆ ಕೈ ಹಾಕುವವರಲ್ಲ. ಆದರೆ ಕರುಳು ಇರುವವರೇ. ಮಾರನೆಯ ದಿನ ಕೇದಾರ ಕಣ್ಣು ಬಿಟ್ಟಾಗ ಪಕ್ಕದಲ್ಲಿ ಟಿಶ್ಯೂ ಪೇಪರಿನ ಒಂದು ಪುಟ್ಟ ಕಟ್ಟು ಇತ್ತು. ಅದರ ಮಾರನೆಯ ದಿನ ಕಾಗದದಲ್ಲಿ ಸುತ್ತಿದ ಬ್ಲೂಬೆರಿ ಮಫಿನ್ನು.

"ಹೊಸಾ ಗಾಡಿಯೊಳಗ ಭಾಳ ಮರ್ಯಾದಿ ಕೊಡ್ತಾರ ನೋಡು ಉಮಾ," ಎಂದು ಆವತ್ತು ಸಂಜೆ ಹೆಂಡತಿಗೆ ಹೇಳಿದ. "ತಿಂಡಿನೂ ಕೊಡಾಕತ್ತಾರ."

"ಟಿಕೀಟಿನಾಗ ಸೇರೇತೇನು?" ಎಂದಳು ಉಮಾಶ್ರೀ.

"ಇರಬೇಕು."

ಎಂಟು ದಿನ ಹೀಗೇ ನಡೆಯಿತು. ಒಂಬತ್ತನೆಯ ದಿನ ಉಮಾಶ್ರೀಗೂ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಟ್ರೈನಿಂಗು ಬಿತ್ತು. ಗಂಡ ಹೆಂಡತಿ ಒಟ್ಟಿಗೇ ಹೊರಟರು. ಹೆಂಡತಿ ಜೊತೆಗಿದ್ದಾಳೆಂದು ಕೇದಾರ ಹೆಡ್‌ಫೋನನ್ನು ಬ್ಯಾಗಿನಿಂದ ತೆಗೆಯಲಿಲ್ಲ. ಕಿವಿ ಖಾಲಿಯಾಗಿ ಕೂತ ಎರಡೇ ನಿಮಿಷಕ್ಕೆ ಅವನಿಗೆ ಏನೋ ಕಸಿವಿಸಿಯಾಯಿತು. ನಾಲ್ಕು ಸೀಟು ಆಚೆ ಯಾರೋ ಚೂಯಿಂಗ್ ಗಮ್ ಜಗಿಯುವುದು ಕೇಳುತ್ತಿತ್ತು.

"ಎಷ್ಟ್ ಸೈಲೆಂಟ್ ಐತ್ರೀ ಈ ಗಾಡಿ!" ಎಂದಳು ಉಮಾಶ್ರೀ.

ಕೇದಾರ ಸುತ್ತ ಕೂತವರ ಮುಖ ನೋಡಿದ. ಟಿಶ್ಯೂ, ಮಫಿನ್ನು, ಎಲ್ಲದಕ್ಕೂ ಒಟ್ಟಿಗೇ ಅರ್ಥ ಬಂತು. ಇಳಿದು ಓಡಲು ಗಾಡಿ ನಿಂತಿರಲಿಲ್ಲ.

ಅಷ್ಟರಲ್ಲಿ ಎದುರು ಸೀಟಿನ ಹೆಂಗಸು ಮುಂದಕ್ಕೆ ಬಾಗಿದಳು. ಲೊರೇನ್ ಎಂದು ಹೆಸರು, ದಾರಿಯಲ್ಲಿ ಸಿಗುವ ರೆಡ್‌ವುಡ್ ಸಿಟಿಯ ಕೋರ್ಟಿನಲ್ಲಿ ಕೆಲಸ. ಮಫಿನ್ ಇಡುತ್ತಿದ್ದವಳು ಅವಳೇ. ಅವಳ ಕಣ್ಣಿನಲ್ಲಿ ನೀರು.

"ಕ್ಷಮಿಸಿ, ನಾನು ಮಧ್ಯ ಬರಬಾರದು. ಆದರೆ ನಿಮ್ಮನ್ನು ಒಟ್ಟಿಗೆ ನೋಡಿ ಎಷ್ಟು ಸಂತೋಷವಾಯಿತು ಗೊತ್ತೇ? ನೀವು ತಾನೇ ರಾಣಿ?"

"ಅಲ್ಲ," ಎಂದಳು ಉಮಾಶ್ರೀ. "ನಾನು ಉಮಾ."

ಲೊರೇನಳ ಮುಖ ಬಾಡಿತು. ಆಚೆ ಸೀಟಿನಲ್ಲಿ ಸೈಕಲ್ ಹೆಲ್ಮೆಟ್ ಹಿಡಿದು ಕೂತಿದ್ದ ಗಡ್ಡದವನು ಕೇದಾರನನ್ನು ದುರುಗುಟ್ಟಿ ನೋಡಿದ. ಇಷ್ಟು ದಿನ ಇವನಿಗಾಗಿ ಮರುಗಿದ್ದ ಡಬ್ಬಿಯೆಲ್ಲ ಒಂದೇ ಕ್ಷಣದಲ್ಲಿ ರಾಣಿಯ ಪಕ್ಷ ಸೇರಿಬಿಟ್ಟಿತು.

"ಉಮಾ," ಎಂದು ಲೊರೇನ್ ತಗ್ಗಿದ ದನಿಯಲ್ಲಿ ಕೇಳಿದಳು, "ರಾಣಿಯ ವಿಷಯ ನಿಮಗೆ ಗೊತ್ತಿದೆಯೇ?"

ಉಮಾಶ್ರೀ ನಿಧಾನವಾಗಿ ಗಂಡನ ಕಡೆ ತಿರುಗಿದಳು. "ಯಾರ್ರೀ ರಾಣಿ?"

"ನಾಟಕದಾಗಿನಾಕಿ ಉಮಾ! ರಾಜನ ಹೇಣ್ತಿ!"

ಗಡ್ಡದವನು ಎದ್ದು ಬಂದು ಫೋನ್ ಮುಂದೆ ಹಿಡಿದ. ಅವನು ಅನುವಾದದ ಆ್ಯಪಿನಲ್ಲಿ ಒಂದು ದಿನದ ಅಳುವನ್ನು ಇಂಗ್ಲಿಷಿಗೆ ಇಳಿಸಿಕೊಂಡು ಡಬ್ಬಿಯವರಿಗೆಲ್ಲ ತೋರಿಸಿದ್ದ. ಉಮಾಶ್ರೀ ಓದಿದಳು. 'ರಾಣಿ, ನನ್ನನ್ನು ಮನೆಯಿಂದ ತಳ್ಳಬೇಡ. ನಾನು ನಿನ್ನ ಬಾಗಿಲಿನ ನಾಯಿ.'

"ಅದು ನಾಟಕದ ಮಾತು," ಎಂದು ಕೇದಾರ ಇಂಗ್ಲಿಷಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ. ದನಿ ಇಲಿಯಂತೆ ಬಂತು. "ನಾನು ನಟ."

"ಕೋರ್ಟಿನಲ್ಲಿ ಇದಕ್ಕಿಂತ ಒಳ್ಳೆಯ ನೆಪಗಳನ್ನು ಕೇಳಿದ್ದೇನೆ," ಎಂದಳು ಲೊರೇನ್.

ನಾಟಕ ಇರುವುದು ಉಮಾಶ್ರೀಗೆ ಗೊತ್ತಿತ್ತು. ಆದರೆ ಎಂಟು ದಿನ ತನ್ನ ಗಂಡ ಊರ ಮುಂದೆ ಅತ್ತದ್ದು ಗೊತ್ತಿರಲಿಲ್ಲ. ಅವಳು ಕುರ್ತಾಕ್ಕೆ ಸೆರಗಿಲ್ಲದಿದ್ದರೂ ಸೆರಗು ಸಿಕ್ಕಿಸಿಕೊಳ್ಳುವಂತೆ ಸೊಂಟದ ಮೇಲೆ ಕೈಯಿಟ್ಟಳು.

"ಹಂಗಾರ ಮಾಡಿ ತೋರಸ್ರಿ."

"ಇಲ್ಲೇ?"

"ಎಂಟ್ ದಿನ ಎಲ್ಲಿ ಮಾಡೀರಿ?"

"ಇಲ್ಲೇ."

"ಹಂಗಾರ ಇಲ್ಲೇ ಮಾಡ್ರಿ."

ಕೇದಾರ ಎದ್ದು ನಿಂತ. ಅರವತ್ತು ಕಣ್ಣು ಅವನ ಮೇಲೆ. ಬಣ್ಣವಿಲ್ಲ, ಕಿರೀಟವಿಲ್ಲ, ಮುಚ್ಚಿಕೊಳ್ಳಲು ಸದ್ದೂ ಇಲ್ಲ. ಬಾಯಿ ತೆರೆದ, ಒಂದಕ್ಷರ ಹೊರಡಲಿಲ್ಲ. "ನೋಡಿದಿರಾ," ಎಂಬಂತೆ ಗಡ್ಡದವನು ಪಕ್ಕದವಳ ಕಡೆ ನೋಡಿದ.

ಆಗ ಉಮಾಶ್ರೀ ಎದ್ದಳು. ಮನೆಯಲ್ಲಿ ಪಾತ್ರೆ ತೊಳೆಯುತ್ತಾ ಗಂಡ ಗುನುಗುವುದನ್ನು ಕೇಳಿ ಕೇಳಿ ಅವಳಿಗೆ ರಾಣಿಯ ಮಾತೂ ಬಾಯಿಪಾಠವಾಗಿತ್ತು. ಬೆರಳು ಬಾಗಿಲ ಕಡೆ ಚಾಚಿ ಗುಡುಗಿದಳು. "ಕಿರೀಟವನ್ನೇ ಮಾರಿಕೊಂಡವನಿಗೆ ಅಂತಃಪುರ ಎಲ್ಲಿಯದು? ನಡೆ ಆಚೆ!"

ಅದರಲ್ಲಿ ನಟನೆ ಎಷ್ಟು, ನಿಜವಾದ ಸಿಟ್ಟು ಎಷ್ಟು ಎಂದು ಕೇದಾರನಿಗೆ ತಿಳಿಯಲಿಲ್ಲ. ಅವನ ಮೊಣಕಾಲು ತಾನಾಗಿ ನೆಲಕ್ಕೆ ತಾಗಿತು. ಗಂಟಲು ಬಿಚ್ಚಿಕೊಂಡಿತು. "ರಾಣೀ!" ಎಂದು ಅತ್ತ ಅಳುವಿಗೆ ಮೇಲಿನ ಅಂತಸ್ತಿನಲ್ಲಿದ್ದವರು ಮೆಟ್ಟಿಲಿಳಿದು ಬಂದು ನಿಂತರು. ಅವನು ಅಳುತ್ತಾ ಹೋದ, ಅವಳು ಬೈಯುತ್ತಾ ಹೋದಳು; ದೃಶ್ಯ ಮುಗಿದಾಗ ಡಬ್ಬಿಯೆಲ್ಲ ಚಪ್ಪಾಳೆ. ಗಡ್ಡದವನು ಹೆಲ್ಮೆಟನ್ನೇ ತಬಲಾದಂತೆ ಬಡಿದ.

ಲೊರೇನ್ ಕಣ್ಣೊರೆಸಿಕೊಂಡು ಕಿಟಕಿಯತ್ತ ನೋಡಿದಳು. "ಅಯ್ಯೋ, ರೆಡ್‌ವುಡ್ ಸಿಟಿ ಹೋಯಿತೇ?" ಹೋಗಿ ಐದು ನಿಮಿಷವಾಗಿತ್ತು. ಮುಂದಿನ ಸ್ಟೇಷನ್ನಿನಲ್ಲಿ ಇಳಿಯುವ ಮುನ್ನ ಉಮಾಶ್ರೀಯ ಕೈ ಹಿಡಿದು, "ಅವನನ್ನು ಒಳಗೆ ಕರೆದುಕೊಳ್ಳಮ್ಮ," ಎಂದು ಹೇಳಿಯೇ ಹೋದಳು. ಪೂರ್ತಿ ನಂಬಿದ್ದಳೋ ಇಲ್ಲವೋ ಹೇಳುವುದು ಕಷ್ಟ.

ಅಲ್ಲಿಂದ ಮುಂದೆ ಉಮಾಶ್ರೀ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದು ರಸ್ತೆ ದಾಟಿದರು. ಅವಳು ಮುಂದೆ, ಅವನು ಹಿಂದೆ. ಎರಡನೆಯ ಸಿಗ್ನಲ್ಲಿನ ಹತ್ತಿರ ಅವಳು ನಿಂತಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಕೇದಾರ ಗಾಬರಿಯಿಂದ ಹತ್ತಿರ ಹೋದ.

"ಬಾಗಿಲಿನ ನಾಯಿ!" ಎಂದಳು ಉಮಾಶ್ರೀ. ಕಂಬ ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕಳು. ರಸ್ತೆ ದಾಟುವ ಸಿಗ್ನಲ್ಲು ಮೂರು ಸಲ ಬಂದು ಹೋಯಿತು. ತಾನೂ ನಗಬಹುದೋ ಬಾರದೋ ತಿಳಿಯದೆ ಕೇದಾರ ಅವಳ ಬ್ಯಾಗು ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದ. ಟ್ರೈನಿಂಗಿಗೆ ಅವಳು ಇಪ್ಪತ್ತು ನಿಮಿಷ ತಡವಾಗಿ ಹೋದಳು.